ನೆಲದಡಿಯ ಗೇಟ್ ಮೋಟರು: ಮೊದಲು ನೀರಿಗೆ ದಾರಿ, ಆಮೇಲೆ ಕರೆಂಟಿಗೆ

ಗೇಟಿನ ಮೋಟರನ್ನು ಕದದ ಬುಡದಲ್ಲೇ ನೆಲದೊಳಗೆ ಹೂತರೆ ಕಂಬದ ಮೇಲೆ ಕೈ, ಡಬ್ಬಿ ಏನೂ ಕಾಣುವುದಿಲ್ಲ. ಮನೆಯ ಮುಂಭಾಗದ ಅಂದ ಕೆಡಬಾರದು ಎನ್ನುವವರು ಇದನ್ನೇ ಕೇಳುತ್ತಾರೆ. ಯಂತ್ರವೂ ಒಳ್ಳೆಯದೇ, ಸರಿಯಾಗಿ ಕೂರಿಸಿದರೆ ವರ್ಷಗಟ್ಟಲೆ ಸದ್ದಿಲ್ಲದೆ ದುಡಿಯುತ್ತದೆ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲದಲ್ಲಿ ಅದಕ್ಕೆ ಇಬ್ಬರು ಶತ್ರುಗಳು: ಮೋಟರು ಕೂರುವ ಪೆಟ್ಟಿಗೆಯಲ್ಲಿ ನಿಂತ ನೀರು, ಎರೆಮಣ್ಣಿನಲ್ಲಿ ಕದಲಿದ ಪಾಯ. ವೈರಿಂಗ್ ತಪ್ಪಿದರೆ ಅರ್ಧ ಗಂಟೆಯಲ್ಲಿ ಬಿಚ್ಚಿ ಸರಿಮಾಡಬಹುದು. ಕಾಂಕ್ರೀಟ್ ತಪ್ಪಿದರೆ ಒಡೆಯದೆ ಗತಿಯಿಲ್ಲ. ಅದಕ್ಕೇ ಇಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕಿಂತ ಗೌಂಡಿ ಕೆಲಸದ ಮಾತು ಹೆಚ್ಚು.

"ನಮ್ಮ ಕಡೆ ಮಳೆ ಎಲ್ಲಿದೆ?" ಎಂದು ಹೇಳಿ, ಪೆಟ್ಟಿಗೆಯ ನೀರು ಹೊರಹೋಗುವ ಪೈಪನ್ನು ಕೈಬಿಡುವವರೇ ಬಹಳ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ ನಿಜವಾಗಿಯೂ ಕಡಿಮೆಯೇ. ಆದರೆ ಅದು ಹನಿಹನಿಯಾಗಿ ಬರುವುದಿಲ್ಲ. ಸೆಪ್ಟೆಂಬರಿನ ಒಂದು ಸಂಜೆ ಗುಡುಗಿ, ಒಂದೇ ತಾಸಿನಲ್ಲಿ ಅಂಗಳ ಹೊಳೆಯಾಗುತ್ತದೆ. ಪಾಯದ ಪೆಟ್ಟಿಗೆಯ ಅಳತೆ 45 ಸೆಂ.ಮೀ. ಉದ್ದ, 35 ಅಗಲ, 20 ಆಳ ಎಂದು ಹಿಡಿದರೆ ಅದರ ಹೊಟ್ಟೆ ಸುಮಾರು 31 ಲೀಟರ್. ಎರಡು ಕೊಡ ನೀರಿಗೆ ಅದು ತುಂಬಿಹೋಗುತ್ತದೆ. ಮೋಟರಿನ ಮೇಲೆ ಐಪಿ-67 ಎಂದು ಬರೆದಿರುತ್ತದಲ್ಲ, ಅದರ ಅರ್ಥ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟು ಪರೀಕ್ಷಿಸಿದ್ದಾರೆ ಎಂದಷ್ಟೇ. ಮೂರು ದಿನ ನೀರಲ್ಲಿ ನೆನೆದರೂ ಏನೂ ಆಗದು ಎಂಬ ಭರವಸೆ ಅದರಲ್ಲಿಲ್ಲ.

ಪೆಟ್ಟಿಗೆಯೊಳಗೆ ಏನಿದೆ

ಕಾಂಕ್ರೀಟಿನಲ್ಲಿ ಕಾಯಂ ಆಗಿ ಉಳಿಯುವುದು ಪಾಯದ ಪೆಟ್ಟಿಗೆ. ಸತು ಲೇಪಿಸಿದ ಉಕ್ಕಿನದು, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನದು ಸಿಗುತ್ತದೆ. ಅದರೊಳಗೆ ಮೋಟರು ಮತ್ತು ಗೇರು ಒಂದೇ ಗಟ್ಟಿಯಾಗಿ ಕೂರುತ್ತವೆ. ಬೋಲ್ಟ್ ಬಿಚ್ಚಿದರೆ ರಿಪೇರಿಗೆ ಎತ್ತಿಕೊಳ್ಳಬಹುದು. ಗೇರಿನ ಶಾಫ್ಟಿನಿಂದ ಒಂದು ಲಿವರ್ ಹೊರಟು, ಕದ ಕೂರುವ ಉಕ್ಕಿನ ಪಾದವನ್ನು ತಿರುಗಿಸುತ್ತದೆ. ಆ ಪಾದ ಮತ್ತು ಕೆಳಗಿನ ಗೂಟದ ನಡುವೆ ಒಂದು ಉಕ್ಕಿನ ಗುಂಡು, ಸುತ್ತ ಗ್ರೀಸು. ಕದದ ಭಾರವೆಲ್ಲ ಆ ಗುಂಡಿನ ಮೇಲೆ. ಮೇಲ್ಗಡೆ ಕಂಬಕ್ಕೆ ಒಂದೇ ಬಿಜಾಗರಿ. ಕರೆಂಟ್ ಹೋದಾಗ ಕದವನ್ನು ಕೈಯಿಂದ ತಳ್ಳಲು ಕೀಲಿಯಿಂದ ಬಿಡಿಸುವ ರಿಲೀಸ್ ಇರುತ್ತದೆ.

ಮೋಟರಿನಲ್ಲಿ ಎರಡು ಜಾತಿ: ಕೆಪಾಸಿಟರ್ ಇರುವ 230 ವೋಲ್ಟ್ ಎಸಿ, ಮತ್ತು 24 ವೋಲ್ಟ್ ಡಿಸಿ. ಎಸಿ ಅಗ್ಗ, ಅದನ್ನು ನಡೆಸುವ ಕಂಟ್ರೋಲ್ ಬೋರ್ಡೂ ಸರಳ. ಆದರೆ ಅದರ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. ಸಂಜೆ ಲೋಡಿನ ಹೊತ್ತಿಗೆ ಲೈನು 230ರಿಂದ 180ಕ್ಕೆ ಬಿದ್ದರೆ ಬಲ ಶೇ. 61ಕ್ಕೆ ಬರುತ್ತದೆ. ಮಧ್ಯಾಹ್ನ ಸಲೀಸಾಗಿ ತೆರೆದ ಗೇಟು ರಾತ್ರಿ ಎಂಟಕ್ಕೆ ಗುಂಯ್‌ಗುಡುತ್ತ ನಿಲ್ಲುವುದು ಇದರಿಂದಲೇ. ಡಿಸಿ ಮೋಟರಿಗೆ ಎಸ್‌ಎಂಪಿಎಸ್ ಪವರ್ ಸಪ್ಲೈ ಇರುವ ಬೋರ್ಡು ಸಿಕ್ಕರೆ ಈ ಏರಿಳಿತ ತಟ್ಟುವುದಿಲ್ಲ. 12 ವೋಲ್ಟ್, 7 ಎಎಚ್ ಬ್ಯಾಟರಿ ಎರಡನ್ನು ಸಾಲಾಗಿ ಜೋಡಿಸಿದರೆ ಕರೆಂಟ್ ಹೋದಾಗಲೂ ಗೇಟು ನಡೆಯುತ್ತದೆ, ಮುಚ್ಚುವ ಕೊನೆಯಲ್ಲಿ ವೇಗ ತಗ್ಗಿಸುವುದೂ ಸುಲಭ. ನಮ್ಮ ಮೂರು ಜಿಲ್ಲೆಗಳಿಗೆ ಡಿಸಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಎಸಿ ಮೋಟರನ್ನು ಮನೆಯ ಇನ್ವರ್ಟರಿಗೆ ಕೊಡುವುದಾದರೆ ಅದು ಸೈನ್‌ವೇವ್ ಇನ್ವರ್ಟರೇ ಆಗಿರಬೇಕು. ಸ್ಕ್ವೇರ್‌ವೇವ್ ಆದರೆ ಮೋಟರು ಬೇಗ ಬಿಸಿಯಾಗುತ್ತದೆ.

ಎಲ್ಲಿ ಹಾಕಲೇಬಾರದು

ದುಡ್ಡು ಕೊಡುವ ಮೊದಲು ಮಾಡಬೇಕಾದ ಅಳತೆ ಒಂದೇ: ಗೇಟಿನ ನೆಲಮಟ್ಟಕ್ಕೂ ರಸ್ತೆಬದಿಯ ಗಟಾರದ ತಳಕ್ಕೂ ಎಷ್ಟು ಅಂತರ? ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಗೌಂಡಿ ಐದು ನಿಮಿಷದಲ್ಲಿ ಹೇಳುತ್ತಾನೆ. ಪೆಟ್ಟಿಗೆಯ ತಳ ನೆಲದಿಂದ 20-25 ಸೆಂ.ಮೀ. ಕೆಳಗೆ ಇರುತ್ತದೆ. ಅಲ್ಲಿಂದ ಗಟಾರಕ್ಕೆ 4 ಮೀಟರ್ ಪೈಪು ಎಂದರೆ, ಮೀಟರಿಗೆ 1 ಸೆಂ.ಮೀ. ಇಳಿಜಾರಿನಂತೆ ಇನ್ನೂ 4 ಸೆಂ.ಮೀ. ಪೈಪಿನ ದಪ್ಪ, ಗಟಾರದಲ್ಲಿ ಹರಿಯುವ ನೀರಿನ ಎತ್ತರ ಎಲ್ಲ ಸೇರಿಸಿದರೆ ಕನಿಷ್ಠ 40 ಸೆಂ.ಮೀ. ಅಂತರ ಬೇಕು. ಹಳೆಯ ಓಣಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿ, ಮನೆಯ ಅಂಗಳವೇ ತಗ್ಗಾಗಿರುತ್ತದೆ. ಅಂಥಲ್ಲಿ ಗಟಾರದ ನೀರೇ ಪೈಪಿನಿಂದ ಹಿಮ್ಮರಳಿ ಪೆಟ್ಟಿಗೆಗೆ ಬರುತ್ತದೆ. ಅಲ್ಲಿ ಕಂಬಕ್ಕೆ ಕೂರಿಸುವ ಕೈ ಮಾದರಿಯ ಮೋಟರೇ ಸರಿ. ಅಂದ ಸ್ವಲ್ಪ ಕಡಿಮೆಯಾದೀತು, ಗೇಟು ಮಾತ್ರ ತೆರೆಯುತ್ತದೆ.

ಇಂಗುಗುಂಡಿ ತೋಡಿ ಜಲ್ಲಿ ತುಂಬಿ ನೀರು ಬಿಡುವ ಪದ್ಧತಿಯನ್ನು ಕೈಪಿಡಿಗಳು ತೋರಿಸುತ್ತವೆ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಅದು ನಡೆಯುತ್ತದೆ. ಎರೆಯಲ್ಲಿ ನಡೆಯುವುದಿಲ್ಲ, ಏಕೆಂದರೆ ಒಮ್ಮೆ ನೆನೆದ ಎರೆ ಉಬ್ಬಿ ತನ್ನ ಬಿರುಕುಗಳನ್ನೆಲ್ಲ ತಾನೇ ಮುಚ್ಚಿಕೊಂಡು ನೀರನ್ನು ತಡೆಹಿಡಿಯುತ್ತದೆ. ಇಂಗುಗುಂಡಿ ಆಗ ಬರೀ ತೊಟ್ಟಿ. ತುಂಗಭದ್ರಾ ಕಾಲುವೆಯ ನೀರಾವರಿ ಇರುವ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಇನ್ನೊಂದು ತೊಡಕಿದೆ. ಭತ್ತದ ಗದ್ದೆಯಲ್ಲಿ ನೀರು ನಿಂತ ತಿಂಗಳುಗಳಲ್ಲಿ ಅಂತರ್ಜಲ ಮೇಲೇರುತ್ತದೆ, ಸವುಳು ಮಣ್ಣು ಕಬ್ಬಿಣವನ್ನು ತಿನ್ನುತ್ತದೆ. ಗೇಟಿನ ಬಳಿ ಒಂದು ಮೀಟರ್ ಗುಂಡಿ ತೋಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ನೀರು ಒಸರಿದ್ದರೆ ನೆಲದಡಿಯ ಮೋಟರಿನ ಆಸೆ ಬಿಡುವುದೇ ಲೇಸು. ನೀರಿಲ್ಲದೆ ಬರೀ ಸವುಳಿದ್ದರೆ ಸ್ಟೇನ್‌ಲೆಸ್ ಪೆಟ್ಟಿಗೆ ಕೊಳ್ಳಿ. ಅಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಕದ ಮತ್ತು ಗಾಳಿ

ಕದದ ತೂಕವನ್ನಷ್ಟೇ ಕೇಳಿ ಮೋಟರು ಆರಿಸುವುದು ವಾಡಿಕೆ. ಈ ಬಯಲುಸೀಮೆಯಲ್ಲಿ ತೂಕಕ್ಕಿಂತ ಗಾಳಿ ದೊಡ್ಡದು. 2 ಮೀಟರ್ ಅಗಲ, 1.8 ಮೀಟರ್ ಎತ್ತರದ ಕದಕ್ಕೆ ಪೂರ್ತಿ ಶೀಟು ಹೊಡೆದಿದ್ದೀರಿ ಎನ್ನಿ. ಆಷಾಢದಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ನೇರ ಬಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 74 ನ್ಯೂಟನ್ ಒತ್ತಡ, 3.6 ಚದರ ಮೀಟರಿಗೆ 266 ನ್ಯೂಟನ್, ಅಂದರೆ ಸುಮಾರು 27 ಕೆ.ಜಿ.ಯ ತಳ್ಳು. ಅದು ಕದದ ನಡುವೆ, ಬಿಜಾಗರಿಯಿಂದ ಒಂದು ಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. ಹೀಗೆ ಗಾಳಿಯೊಂದೇ 266 ನ್ಯೂಟನ್-ಮೀಟರ್ ಬಲದಿಂದ ಎದುರು ನಿಲ್ಲುತ್ತದೆ. ಮನೆಬಳಕೆಯ ಎಷ್ಟೋ ಮೋಟರುಗಳ ಪೂರ್ತಿ ಬಲವೇ ಸುಮಾರು 300. ಗ್ರಿಲ್ ಇಡಿ, ಇಲ್ಲವೇ ಪಟ್ಟಿಗಳ ನಡುವೆ ಸಂದು ಬಿಡಿ. ಮರೆ ಬೇಕೇಬೇಕು ಎಂದರೆ ಕೆಳಗಿನ ಅರ್ಧಕ್ಕೆ ಮಾತ್ರ ಶೀಟು ಹಾಕಿಸಿ.

ಮೇಲಿನ ಬಿಜಾಗರಿ ಹಿಡಿಯುವ ಕಂಬಕ್ಕೂ ಲೆಕ್ಕವಿದೆ. 2 ಮೀಟರಿನ ಕದ 250 ಕೆ.ಜಿ. ಇದ್ದು, ಕೆಳಗಿನ ಗುಂಡಿನಿಂದ ಮೇಲಿನ ಬಿಜಾಗರಿಗೆ 1.6 ಮೀಟರ್ ಇದ್ದರೆ, ಬಿಜಾಗರಿ ಕಂಬವನ್ನು ಸುಮಾರು 156 ಕೆ.ಜಿ. ಬಲದಿಂದ ಎಳೆಯುತ್ತಲೇ ಇರುತ್ತದೆ. ಇಟ್ಟಿಗೆ ಕಂಬಕ್ಕೆ ಹೊಡೆದ ಆಂಕರ್ ಬೋಲ್ಟು ಇದನ್ನು ಬಹುಕಾಲ ತಾಳದು. ಕಂಬ ಆರ್‌ಸಿಸಿ ಆಗಿರಲಿ, ಬಿಜಾಗರಿಯ ಪ್ಲೇಟನ್ನು ಒಳಗಿನ ಸರಳಿಗೆ ಬೆಸೆದೇ ಕಾಂಕ್ರೀಟ್ ಹಾಕಿಸಿ.

ಪಾಯ

ಎರೆಮಣ್ಣು ಏಪ್ರಿಲ್-ಮೇ ತಿಂಗಳಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಕಂಬದ ಪಾಯ ಒಂದು ಕಡೆ, ಪೆಟ್ಟಿಗೆಯ ಪಾಯ ಇನ್ನೊಂದು ಕಡೆ ಎಂದು ಬೇರೆಬೇರೆ ಮಾಡಿದರೆ ಎರಡೂ ಬೇರೆಬೇರೆಯಾಗಿ ಕದಲುತ್ತವೆ. ಕೆಳಗಿನ ಉಕ್ಕಿನ ಗುಂಡಿಗೂ ಮೇಲಿನ ಬಿಜಾಗರಿಗೂ ನೇರ ತಪ್ಪುತ್ತದೆ. ಎರಡೂ ಒಂದೇ ಕಾಂಕ್ರೀಟಿನ ಮೇಲೆ ಕೂರಬೇಕು. ಕಂಬ ಮೊದಲೇ ಎದ್ದಿದ್ದರೆ ಅದರ ಬುಡದ ಕಾಂಕ್ರೀಟಿಗೆ 12 ಮಿ.ಮೀ. ಸರಳುಗಳನ್ನು 15 ಸೆಂ.ಮೀ. ಆಳಕ್ಕೆ ಕೊರೆದು ಕೆಮಿಕಲ್ ಆಂಕರಿನಿಂದ ಕೂರಿಸಿ, ಹೊಸ ಕಾಂಕ್ರೀಟಿಗೆ ಹೆಣೆಯಿರಿ.

ಗುಂಡಿ 75 ಸೆಂ.ಮೀ. ಚೌಕ, ಆಳ 90 ಸೆಂ.ಮೀ. ಇರಲಿ. ಕರಿಮಣ್ಣನ್ನು ಪೂರ್ತಿ ತೆಗೆದು ಸಾಗಿಸಿ. ಅದನ್ನೇ ಮತ್ತೆ ತುಂಬಬೇಡಿ. ತಳಕ್ಕೆ 30 ಸೆಂ.ಮೀ. ಗರಸು, 15-15 ಸೆಂ.ಮೀ. ಎರಡು ಪದರವಾಗಿ, ನೀರು ಚಿಮುಕಿಸಿ ದಮ್ಮಸು ಹೊಡೆಯಬೇಕು. ಅದರ ಮೇಲೆ 10 ಸೆಂ.ಮೀ. ಬಡ ಕಾಂಕ್ರೀಟು, 1:4:8. ನಂತರ 10 ಮಿ.ಮೀ. ಸರಳಿನ ಜಾಲರಿ 15 ಸೆಂ.ಮೀ. ಅಂತರದಲ್ಲಿ, ಪೆಟ್ಟಿಗೆಯ ಅಡಿಗೂ ಸುತ್ತಲೂ ಎಂ-20 ಕಾಂಕ್ರೀಟು: ಒಂದು ಪಾಲು ಸಿಮೆಂಟು, ಒಂದೂವರೆ ಉಸುಕು, ಮೂರು ಪಾಲು 20 ಮಿ.ಮೀ. ಜಲ್ಲಿ. ಮಸಾರಿಯಾದರೆ ಅರವತ್ತು ಸೆಂ.ಮೀ. ಆಳ ಸಾಕು; ಬಂಡೆ ಹತ್ತಿದರೆ ಅದರ ಮೇಲೇ ಕೂರಿಸಿ, ಆದರೆ ಪೈಪಿಗೆ ಇಳಿಜಾರು ಕೊರೆದ ಮೇಲೆ.

ಕಾಂಕ್ರೀಟ್ ಸುರಿಯುವ ಮುನ್ನವೇ ಪೆಟ್ಟಿಗೆಯ ತಳದ ತೂತಿಗೆ 50 ಮಿ.ಮೀ. ಪಿವಿಸಿ ಪೈಪು ಜೋಡಿಸಿ ಗಟಾರದವರೆಗೆ ಒಯ್ದಿರಬೇಕು. ಗಟಾರದ ತುದಿಗೆ ಸ್ಟೀಲಿನ ಜಾಲರಿ, ಇಲ್ಲದಿದ್ದರೆ ಇಲಿಗೆ ಅದೇ ಹೆದ್ದಾರಿ. ಕೇಬಲ್ ಪೈಪು ಬೇರೆ, ನೀರಿನ ಪೈಪು ಬೇರೆ. ಪೆಟ್ಟಿಗೆಯ ಬಾಯಿ ಮುಗಿದ ನೆಲಕ್ಕಿಂತ 5ರಿಂದ 10 ಮಿ.ಮೀ. ಮೇಲಿರಲಿ, ಸುತ್ತಲಿನ ಪೇವರ್ ಅಥವಾ ಕಡಪ ಕಲ್ಲು ಪೆಟ್ಟಿಗೆಯಿಂದ ಹೊರಕ್ಕೆ ಇಳಿಯಲಿ. ಕಲ್ಲು ಹಾಸುವವರು ಕೊನೆಗೆ ಬಂದು ಎಲ್ಲ ಸಮ ಮಾಡುವ ಹುಮ್ಮಸ್ಸಿನಲ್ಲಿ ಈ ಒಂದು ಸೆಂಟಿಮೀಟರನ್ನು ನುಂಗಿಬಿಡುತ್ತಾರೆ. ಅವರಿಗೆ ಮೊದಲೇ ಹೇಳಿಡಿ.

ಇನ್ನು ಲಂಬ. ಮೇಲಿನ ಬಿಜಾಗರಿಯ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟರೆ ಅದರ ಮೊನೆ ಕೆಳಗಿನ ಗೂಟದ ನಡುವಿಗೆ ಬೀಳಬೇಕು. ಹೊರಗಿನಿಂದ ನೋಡಿ ಸರಿಯಿದೆ ಎಂದರೆ ಸಾಲದು, ಪಕ್ಕದಿಂದಲೂ ನೋಡಿ. ಎರಡು ಡಿಗ್ರಿ, ಮೂರು ಡಿಗ್ರಿ ಎಂದೆಲ್ಲ ಬೇಡ, ಒಂದೇ ಡಿಗ್ರಿ ವಾಲಿದರೂ 2 ಮೀಟರ್ ಕದದ ತುದಿ ಮುಚ್ಚಿದಾಗಿನಿಂದ ತೆರೆಯುವಷ್ಟರಲ್ಲಿ 35 ಮಿ.ಮೀ. ಏರುತ್ತದೆ ಇಲ್ಲವೇ ಇಳಿಯುತ್ತದೆ. ಏರುವಾಗ ಮೋಟರು ಕದವನ್ನು ಎತ್ತಬೇಕು. ಇಳಿಯುವಾಗ ಕದವೇ ಗೇರನ್ನು ದೂಡುತ್ತದೆ. 1.6 ಮೀಟರಿನಲ್ಲಿ 2-3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಕಾಂಕ್ರೀಟಿಗೆ ಸಲಾಕೆ ಆಡಿಸುವಾಗ ಪೆಟ್ಟಿಗೆ ಮೆಲ್ಲಗೆ ತೇಲಿ ಜರುಗುತ್ತದೆ, ಆದ್ದರಿಂದ ಸರಳಿಗೆ ಬಿಗಿದು ಕಟ್ಟಿ, ಅರ್ಧ ಸುರಿದ ಮೇಲೊಮ್ಮೆ, ಪೂರ್ತಿ ಸುರಿದ ಮೇಲೊಮ್ಮೆ ತೂಗುಗುಂಡು ಬಿಟ್ಟು ನೋಡಿ. ಪೆಟ್ಟಿಗೆಯ ಬಾಯಿಗೆ ಥರ್ಮಾಕೋಲ್ ತುಂಬಿ ಟೇಪು ಸುತ್ತಿದರೆ ಸಿಮೆಂಟಿನ ಹಾಲು ಒಳಗಿಳಿಯದು.

ಬಳ್ಳಾರಿಯ ಬಿಸಿಲಿಗೆ ಮೇಲ್ಮೈ ಎರಡು ತಾಸಿನಲ್ಲಿ ಒಣಗಿ ಬಿರಿಯುತ್ತದೆ. ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ ನೀರುಣಿಸಿ. ಕದ ಏರಿಸುವುದು ಮೂರು ವಾರದ ನಂತರ. ಅವಸರಕ್ಕೆ ಹತ್ತನೇ ದಿನ ಏರಿಸಿದ ಕದದ ಗೂಟ ಕೆಲವೇ ತಿಂಗಳಲ್ಲಿ ಅಲ್ಲಾಡತೊಡಗುತ್ತದೆ. ಮೋಟರು ಇಳಿಸುವ ಮುನ್ನ ಖಾಲಿ ಪೆಟ್ಟಿಗೆಗೆ ಎರಡು ಕೊಡ ನೀರು ಸುರಿದು ನೋಡಿ. ಐದು ನಿಮಿಷದಲ್ಲಿ ತಳ ಕಾಣಬೇಕು. ಮೂಲೆಯಲ್ಲಿ ಬೆರಳು ಮುಳುಗುವಷ್ಟು ನೀರು ಉಳಿದರೂ ಪೈಪಿನ ಬಾಯಿ ಕಟ್ಟಿದೆ, ಇಲ್ಲವೇ ಇಳಿಜಾರು ತಪ್ಪಿದೆ ಎಂದೇ ಅರ್ಥ.

ಕದ ಕೂರಿಸಿದ ಮೇಲೆ ರಿಲೀಸ್ ಬಿಡಿಸಿ ಒಂದು ಬೆರಳಿಂದ ತಳ್ಳಿ. ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲಬೇಕು. ತಾನಾಗಿ ತೆರೆದುಕೊಳ್ಳುವ, ಮುಚ್ಚಿಕೊಳ್ಳುವ ಕದಕ್ಕೆ ಮೋಟರು ಜೋಡಿಸಬೇಡಿ. ವೆಲ್ಡಿಂಗ್ ಬಾಕಿಯಿದ್ದರೆ ಮೋಟರು, ಬೋರ್ಡು ಎರಡರ ವೈರೂ ಬಿಚ್ಚಿ, ಅರ್ಥ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿ. ಇಲ್ಲದಿದ್ದರೆ ವೆಲ್ಡಿಂಗಿನ ಕರೆಂಟು ಗುಂಡು, ಬೇರಿಂಗಿನ ಮೂಲಕ ಹರಿದು ಅವನ್ನು ಸುಡುತ್ತದೆ. ಮುಚ್ಚಿದಾಗ ತಡೆಯಲು ನೆಲದಲ್ಲೊಂದು, ತೆರೆದಾಗ ತಡೆಯಲು ಇನ್ನೊಂದು ಗಟ್ಟಿ ಸ್ಟಾಪರ್ ಬೇಕೇಬೇಕು. ಟೈಮಿಂಗಿನ ಮೇಲೆ ನಡೆಯುವ ಮೋಟರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಸುವುದೇ ಆ ಸ್ಟಾಪರ್.

ವೈರಿಂಗ್

ಮನೆಯ ಬೋರ್ಡಿನಿಂದ ಗೇಟಿಗೆ ಬೇರೆಯೇ ಲೈನು: 2.5 ಚದರ ಮಿ.ಮೀ. ಮೂರು ಕೋರ್ ತಾಮ್ರ, 6 ಅಥವಾ 10 ಆಂಪಿಯರ್ ಎಂಸಿಬಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನು ಕಡಿಯುವ ಸ್ವಿಚ್ಚು). ಒದ್ದೆ ನೆಲ, ಕಬ್ಬಿಣದ ಗೇಟು, ಅದನ್ನು ಮುಟ್ಟುವ ಮಕ್ಕಳು ಎಲ್ಲ ಸೇರುವ ಜಾಗ ಇದು. ಆರ್‌ಸಿಸಿಬಿ ಇಲ್ಲದೆ ಕರೆಂಟ್ ಕೊಡಬೇಡಿ. ಬಂಡೆ ನೆಲದಲ್ಲಿ ಅರ್ಥಿಂಗ್ ಸುಲಭಕ್ಕೆ ಬರುವುದಿಲ್ಲ. ಆಳಕ್ಕೆ ಹೋಗಲಾಗದಿದ್ದರೆ ಕೆಮಿಕಲ್ ಅರ್ಥ್ ಹಾಕಿಸಿ, ಬೇಸಿಗೆಯಲ್ಲಿ ಅದರ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ. 230 ವೋಲ್ಟಿನ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು.

ಎದುರಿನ ಕಂಬಕ್ಕೆ ವೈರು ದಾಟಿಸುವ ಪೈಪನ್ನು ನೆಲ ಹಾಸುವ ಮೊದಲೇ ಹೂಳಿ. ವಾಹನ ಓಡಾಡುವಲ್ಲಿ 60 ಸೆಂ.ಮೀ. ಆಳ. 32 ಮಿ.ಮೀ. ಪೈಪು ಮೂರು: 230 ವೋಲ್ಟಿನ ಮೋಟರ್ ವೈರಿಗೆ ಒಂದು, ಫೋಟೋಸೆಲ್‌ನಂಥ (ಗೇಟಿಗೆ ಅಡ್ಡ ಬಂದದ್ದನ್ನು ಗುರುತಿಸುವ ಬೆಳಕಿನ ಕಣ್ಣು) ಸಣ್ಣ ವೋಲ್ಟೇಜಿಗೆ ಇನ್ನೊಂದು, ಮೂರನೆಯದು ಖಾಲಿ. ಒಳಗೆ ಎಳೆತಂತಿ ಬಿಟ್ಟಿರಿ. ಎರಡೂ ಜಾತಿಯ ವೈರನ್ನು ಒಂದೇ ಪೈಪಿನಲ್ಲಿ ತುರುಕಿದರೆ ಫೋಟೋಸೆಲ್ ಕಾರಣವಿಲ್ಲದೆ ಕೆಣಕುತ್ತದೆ.

ಪೆಟ್ಟಿಗೆಯೊಳಗೆ ವೈರಿನ ಜಾಯಿಂಟ್ ಕೂಡದು. ಟೇಪು ಎಷ್ಟೇ ಸುತ್ತಿದರೂ ಕೂಡದು. ಮೋಟರಿನ ಜೊತೆ ಬರುವ ಕೇಬಲನ್ನು ಪೈಪಿನಲ್ಲಿ ಮೇಲೆ ತಂದು, ಕಂಬದ ಮೇಲೆ ನೆಲದಿಂದ 40 ಸೆಂ.ಮೀ. ಎತ್ತರದ ಜಂಕ್ಷನ್ ಬಾಕ್ಸಿನಲ್ಲಿ ಜೋಡಿಸಿ. ಬಾಕ್ಸಿಗೆ ಕೇಬಲ್ ಕೆಳಗಿನಿಂದ, ಗ್ಲ್ಯಾಂಡ್ ಮೂಲಕ ಒಳಬರಲಿ. ಸಂದು ಸಿಕ್ಕರೆ ಇರುವೆಗಳು ರಿಲೇಯೊಳಗೇ ಗೂಡು ಕಟ್ಟುತ್ತವೆ.

ಎಸಿ ಮೋಟರಿನಿಂದ ನಾಲ್ಕು ವೈರು ಬರುತ್ತವೆ: ಕಾಮನ್, ತೆರೆಯುವುದು, ಮುಚ್ಚುವುದು, ಅರ್ಥ್. ಕೆಪಾಸಿಟರ್, ಸಾಮಾನ್ಯವಾಗಿ 8 ಅಥವಾ 10 ಮೈಕ್ರೋಫ್ಯಾರಡ್, ತೆರೆಯುವ ಮತ್ತು ಮುಚ್ಚುವ ವೈರುಗಳ ನಡುವೆ ಕೂರಬೇಕು. ಕಾಮನ್‌ಗೆ ಕೊಟ್ಟರೆ ಮೋಟರು ತಿರುಗದು. ಡಿಸಿಗೆ ಎರಡೇ ವೈರು, ಎಷ್ಟು ತಿರುಗಿತೆಂದು ಎಣಿಸುವ ಎನ್‌ಕೋಡರ್ ಇದ್ದರೆ ಅದರದು ಬೇರೆ. ಆದರೆ ಡಿಸಿಯಲ್ಲಿ ವೈರಿನ ದಪ್ಪ ಲೆಕ್ಕಕ್ಕೆ ಬರುತ್ತದೆ. ಬೋರ್ಡಿನಿಂದ ದೂರದ ಮೋಟರಿಗೆ 10 ಮೀಟರ್ ಇದ್ದು, ಹೊರಡುವಾಗ 10 ಆಂಪಿಯರ್ ಎಳೆದರೆ, 1.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 2.4 ವೋಲ್ಟ್ ಸೋರುತ್ತದೆ, ಅಂದರೆ 24ರಲ್ಲಿ ಹತ್ತನೇ ಒಂದು ಪಾಲು. 2.5 ಹಾಕಿದರೆ ನಷ್ಟ ಒಂದೂವರೆ ವೋಲ್ಟಿಗೆ ಇಳಿಯುತ್ತದೆ. ಎರಡು ಕದಗಳಲ್ಲಿ ಒಂದು ಸದಾ ಹಿಂದೆ ಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಕಂಟ್ರೋಲ್ ಬೋರ್ಡಿನ ಪೆಟ್ಟಿಗೆಯನ್ನು ಪಶ್ಚಿಮದ ಬಿಸಿಲಿಗೆ ಒಡ್ಡಬೇಡಿ. ಒಳಗಿನ ಲೆಡ್-ಆಸಿಡ್ ಬ್ಯಾಟರಿಯ ಆಯಸ್ಸು 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಡಬ್ಬಿಯೊಳಗೆ ಎಷ್ಟು ಕಾವು ಏರುತ್ತದೆ ಎಂಬುದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಫೋಟೋಸೆಲ್ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿರಲಿ. ಕಳಿಸುವ ಕಣ್ಣಿಗೆ ಎರಡೇ ವೈರು, 24 ವೋಲ್ಟಿನದು. ಪಡೆಯುವ ಕಣ್ಣಿಗೆ ಅದರ ಜೊತೆ ಕಾಮನ್ ಮತ್ತು ಎನ್‌ಸಿ (ಸಾಮಾನ್ಯವಾಗಿ ಕೂಡಿಕೊಂಡೇ ಇರುವ ಸಂಪರ್ಕ) ಸೇರಿ ನಾಲ್ಕು. ಪೂರ್ವಾಭಿಮುಖ ಗೇಟಿನಲ್ಲಿ ಪಡೆಯುವ ಕಣ್ಣನ್ನು ದಕ್ಷಿಣದ ಕಂಬಕ್ಕೆ ಹಾಕಿ. ಆಗ ಅದು ಉತ್ತರಕ್ಕೆ ಮುಖ ಮಾಡುತ್ತದೆ, ಬಿಸಿಲು ಕುಕ್ಕುವುದಿಲ್ಲ. ಗೇಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಒಂದು ಹೊತ್ತಿನ ಎಳೆಬಿಸಿಲು ತಪ್ಪದು, ಕಣ್ಣನ್ನು ಗೋಡೆಯೊಳಗೆ ಎರಡು ಇಂಚು ಹುದುಗಿಸಿ. ಬಳಸದ ಸ್ಟಾಪ್ ಟರ್ಮಿನಲ್ಲಿಗೆ ಜಂಪರ್ (ಎರಡು ತುದಿ ಕೂಡಿಸುವ ತುಂಡು ವೈರು) ಹಾಕದಿದ್ದರೆ ಬೋರ್ಡು ಯಾವ ರಿಮೋಟಿಗೂ ಓಗೊಡುವುದಿಲ್ಲ.

ಮೊದಲ ಓಟ ಮತ್ತು ಕಾಯಿಲೆಗಳು

ಕದಗಳನ್ನು ಅರ್ಧ ತೆರೆದಿಟ್ಟು ಕರೆಂಟ್ ಕೊಡಿ. ಮೊದಲ ಒತ್ತಿಗೆ ಬೋರ್ಡು ತೆರೆಯಲು ಹೇಳುತ್ತದೆ. ಮುಚ್ಚಿಕೊಂಡರೆ ಕರೆಂಟ್ ತೆಗೆದು ಆ ಮೋಟರಿನ ತೆರೆಯುವ, ಮುಚ್ಚುವ ವೈರು ಅದಲುಬದಲು ಮಾಡಿ. ಎರಡು ಕದ ಒಂದರ ಮೇಲೊಂದು ಬರುವ ಪಟ್ಟಿ ಯಾವುದಕ್ಕಿದೆಯೋ ಅದು ಮೊದಲು ತೆರೆದು ಕೊನೆಗೆ ಮುಚ್ಚಬೇಕು. ನಡುವೆ 2-4 ಸೆಕೆಂಡು ಅಂತರ ಕೊಡಿ. ಬಲವನ್ನು ಕನಿಷ್ಠದಿಂದ ಶುರುಮಾಡಿ ಮೆಲ್ಲಗೆ ಏರಿಸಿ. ಯುರೋಪಿನ ಇಎನ್ 12453 ಮಾನಕದಂತೆ, ಮುಚ್ಚುವ ಸಂದಿಯಲ್ಲಿ ಸಿಕ್ಕವರ ಮೇಲೆ ಬೀಳುವ ಬಲ 400 ನ್ಯೂಟನ್, ಅಂದರೆ ಸುಮಾರು 40 ಕೆ.ಜಿ. ಮೀರಬಾರದು. ಗಾಳಿಗೆ ನಿಲ್ಲುತ್ತದೆ ಎಂದು ಬಲವನ್ನು ತುದಿಗೆ ತಿರುಗಿಸಿಡುವುದು ದೊಡ್ಡ ತಪ್ಪು. ಮಕ್ಕಳು ಗೇಟಿಗೆ ಜೋತು ಆಡುವ ಮನೆಗಳಲ್ಲಿ ಅದು ಕೈಮುರಿತಕ್ಕೆ ದಾರಿ.

ಮೋಟರು ಗುಂಯ್‌ಗುಟ್ಟಿ ತಿರುಗದಿದ್ದರೆ ಮೊದಲ ಗುಮಾನಿ ಕೆಪಾಸಿಟರ್ ಮೇಲೆ. ಮೀಟರಿನಲ್ಲಿ ಅಳೆದಾಗ ಬರೆದ ಬೆಲೆಗಿಂತ ಶೇ. 10ರಷ್ಟು ಇಳಿದಿದ್ದರೆ ಬದಲಿಸಿ. ಮಳೆ ಬಂದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತಿದ್ದರೆ ಜಾಯಿಂಟಿನಲ್ಲಿ ನೀರಿದೆ, ಇಲ್ಲವೇ ಮೋಟರಿನ ಸೀಲ್ ಹೋಗಿದೆ: ವೈರು ಬಿಚ್ಚಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಾಕಿಸಿ, ಒಂದು ಮೆಗಓಮ್‌ಗಿಂತ ಕಡಿಮೆ ಬಂದರೆ ಮೋಟರನ್ನು ಎತ್ತಲೇಬೇಕು. ಮಧ್ಯಾಹ್ನ ನಾಲ್ಕಾರು ಸಲ ಸತತ ಓಡಿ ನಿಂತು, ಅರ್ಧ ಗಂಟೆಯ ನಂತರ ತಾನೇ ಸರಿಹೋದರೆ ಅದು ಒಳಗಿನ ಥರ್ಮಲ್ ಕಟ್‌ಔಟ್, ಕೆಟ್ಟಿಲ್ಲ, ದಣಿದಿದೆ. ಗೇಟು ಮುಚ್ಚಲು ಹೋಗಿ ಮತ್ತೆ ತೆರೆದುಕೊಂಡರೆ ಫೋಟೋಸೆಲ್‌ನ ಗಾಜು ಒರೆಸಿ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ, ಕೊಪ್ಪಳದ ಕಾರ್ಖಾನೆಗಳ ಮಗ್ಗುಲಲ್ಲಿ ಆ ಗಾಜಿನ ಮೇಲೆ ವಾರಕ್ಕೊಂದು ಪದರ ಧೂಳು ಕೂರುತ್ತದೆ. ಅದೇ ಧೂಳು ಗುಂಡಿನ ಗ್ರೀಸಿಗೆ ಸೇರಿದರೆ ಸಾಣೆಯಂತೆ ಉಕ್ಕನ್ನು ತೇಯುತ್ತದೆ. ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಮತ್ತು ದೀಪಾವಳಿಯ ಹೊತ್ತಿಗೆ, ಹಳೆ ಗ್ರೀಸನ್ನು ಪೂರ್ತಿ ಒರೆಸಿ ಹೊಸದು ಹಚ್ಚಿ. ಹಳೆಯದರ ಮೇಲೇ ಮೆತ್ತುವುದು ವ್ಯರ್ಥ.

ಮುಚ್ಚಳ ಎತ್ತುವಾಗ ಬರಿಗೈ ಹಾಕಬೇಡಿ, ತಂಪಿಗೆ ಚೇಳು ಸೇರಿರುತ್ತದೆ. ರಿಲೀಸ್ ಕೀಲಿ ಎರಡು ಬರುತ್ತವೆ: ಒಂದು ಮನೆಯೊಳಗೆ, ಇನ್ನೊಂದು ಹೊರಗಿನಿಂದ ಸಿಗುವ ನಂಬಿಕೆಯ ಜಾಗದಲ್ಲಿ. ತಿಂಗಳಿಗೊಮ್ಮೆ ಆ ಕೀಲಿ ತಿರುಗಿಸಿ ಕದವನ್ನು ಕೈಯಿಂದ ತೆರೆದು ಮುಚ್ಚಿ, ಮನೆಯ ಹಿರಿಯರಿಗೂ ಮಾಡಿ ತೋರಿಸಿ. ರಾತ್ರಿ ಎರಡಕ್ಕೆ ಕರೆಂಟ್ ಹೋಗಿ, ಆಸ್ಪತ್ರೆಗೆ ಗಾಡಿ ಹೊರಡಬೇಕಾದಾಗ ಕೀಲಿ ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು ಎಂಬುದು ಅವರ ಕೈಗೆ ಗೊತ್ತಿರಬೇಕು.